ಹಾಲಿನ ಲೆಕ್ಕದ ಪಕ್ಕದಲ್ಲೊಂದು ಕೆಂಪು ಚುಕ್ಕೆ

“ಹೋದ ಸಲಕ್ಕಿಂತ ಈಗ ಹೇಗಿದಾನಮ್ಮಾ? ಫಿಟ್ಸ್ ಎಷ್ಟು ಸಲ ಬಂತು?”

“ಜಾಸ್ತಿನೇ ಬಂತು ಸರ್.”

“ಜಾಸ್ತಿ ಅಂದ್ರೆ ಎಷ್ಟು?”

ಅಕ್ಕ ಭಾವನ ಮುಖ ನೋಡಿದಳು, ಭಾವ ನನ್ನ ಮುಖ ನೋಡಿದರು. ಹಿರಿಯೂರಿನಿಂದ ನಸುಕಿನ ಮೂರಕ್ಕೆ ಬಸ್ಸು ಹತ್ತಿ ಬೆಂಗಳೂರಿಗೆ ಬಂದು, ಟೋಕನ್ ಹಿಡಿದು ನಾಲ್ಕು ಗಂಟೆ ಬೆಂಚಿನ ಮೇಲೆ ಕೂತಿದ್ದೆವು. ಒಳಗೆ ಸಿಕ್ಕಿದ್ದು ಆರೇಳು ನಿಮಿಷ. ಮೂರು ತಿಂಗಳ ಸಂಕಟವನ್ನು ಆ ಆರೇಳು ನಿಮಿಷದಲ್ಲಿ ಹೇಗೆ ಹೇಳಬೇಕೋ ಮೂವರಿಗೂ ತಿಳಿಯಲಿಲ್ಲ. ಡಾಕ್ಟರು ಒಂದು ಔಷಧದ ಡೋಸ್ ಏರಿಸಿ ಬರೆದರು. “ಜಾಸ್ತಿ” ಅನ್ನುವ ಒಂದೇ ಮಾತು ಕೈಗೆ ಕೊಟ್ಟರೆ ಅವರಾದರೂ ಇನ್ನೇನು ಮಾಡಿಯಾರು?

ಅಕ್ಕನ ಮಗನಿಗೆ ಆಗ ಏಳು ವರ್ಷ. ಫಿಟ್ಸ್‌ಗೆಂದು ಬೆಳಗ್ಗೆ ರಾತ್ರಿ ವಾಲ್ಪ್ರೋಯೇಟ್ ಸಿರಪ್ಪು, ಕಾರ್ಬಮಜೆಪಿನ್ ಮಾತ್ರೆ. ಮಲಗುವ ಮುಂಚೆ ಅದಕ್ಕೇ ಕ್ಲೋಬಜಾಮ್. ಮೂಳೆಗೆಂದು ವಿಟಮಿನ್ ಡಿ, ಹೊಟ್ಟೆ ಉರಿಗೆಂದು ಇನ್ನೊಂದು ಸಿರಪ್ಪು. ಇಂಥ ಮನೆಗಳು ನಾವು ಎಣಿಸಿದ್ದಕ್ಕಿಂತ ಹೆಚ್ಚಿವೆ. ಭಾರತದಲ್ಲಿ ಮೂರ್ಛೆರೋಗ ಇರುವವರು 1 ಕೋಟಿಗೂ ಹೆಚ್ಚು ಎಂಬುದು ಸಾಮಾನ್ಯವಾಗಿ ಒಪ್ಪಿರುವ ಅಂದಾಜು. ಅವರಲ್ಲಿ ಹೆಚ್ಚುಕಡಿಮೆ ಮೂರನೇ ಎರಡು ಪಾಲು ಜನರಿಗೆ ಒಂದೋ ಎರಡೋ ಔಷಧದಲ್ಲೇ ಫಿಟ್ಸ್ ಹತೋಟಿಗೆ ಬರುತ್ತದೆ. ಉಳಿದವರಿಗೆ ಬರುವುದಿಲ್ಲ. ಸರಿಯಾಗಿ ಆರಿಸಿ, ಸರಿಯಾದ ಪ್ರಮಾಣದಲ್ಲಿ ಕೊಟ್ಟ ಎರಡು ಔಷಧಗಳೂ ಸೋತರೆ ಅದನ್ನು ಔಷಧಕ್ಕೆ ಬಗ್ಗದ ಮೂರ್ಛೆರೋಗ ಎನ್ನಬೇಕೆಂದು ಅಂತರರಾಷ್ಟ್ರೀಯ ತಜ್ಞರ ಒಕ್ಕೂಟ 2010ರಲ್ಲಿ ಗೆರೆ ಎಳೆಯಿತು. ಆ ಗೆರೆ ದಾಟಿದ ಮೇಲೆ ಔಷಧದ ಚೀಟಿ ಉದ್ದವಾಗುತ್ತಲೇ ಹೋಗುತ್ತದೆ. ಹುಟ್ಟಿನಿಂದ ಹೃದಯದ ತೊಂದರೆ ಇರುವ, ಕಿಡ್ನಿ ಸೋತ, ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳ ಮನೆಗಳಲ್ಲೂ ಇದೇ ಕತೆ. ನಾನು ಹತ್ತಿರದಿಂದ ಕಂಡದ್ದು ಮೂರ್ಛೆರೋಗವನ್ನಾದ್ದರಿಂದ ಅದನ್ನೇ ಹಿಡಿದು ಮಾತಾಡುತ್ತೇನೆ.

ಒಂದು ಸಣ್ಣ ಲೆಕ್ಕ. ಮೂರು ಔಷಧ ಇದ್ದರೆ ಒಂದರ ಕೆಲಸಕ್ಕೆ ಇನ್ನೊಂದು ಕೈಹಾಕಬಹುದಾದ ಜೋಡಿಗಳು 3. ಐದಾದರೆ 10, ಏಳಾದರೆ 21. ಎಲ್ಲ ಜೋಡಿಗಳೂ ಜಗಳವಾಡುವುದಿಲ್ಲ, ನಿಜ. ಆಡುವವು ಮಾತ್ರ ಗಟ್ಟಿಯಾಗೇ ಆಡುತ್ತವೆ. ವಾಲ್ಪ್ರೋಯೇಟ್ ತೆಗೆದುಕೊಳ್ಳುತ್ತಿರುವ ಮಗುವಿಗೆ ಫಿಟ್ಸ್‌ನದೇ ಇನ್ನೊಂದು ಔಷಧವಾದ ಲ್ಯಾಮೋಟ್ರಿಜಿನ್ ಕೊಟ್ಟರೆ ಅದು ಮೈಯಿಂದ ಹೊರಹೋಗಲು ಹೆಚ್ಚುಕಡಿಮೆ ಎರಡು ಪಟ್ಟು ಹೊತ್ತು ಹಿಡಿಯುತ್ತದೆ. ಹಾಗಾಗಿಯೇ ಚಿಟಿಕೆಯಷ್ಟು ಡೋಸ್‌ನಿಂದ ಶುರುಮಾಡಿ ವಾರಗಟ್ಟಲೆ ತೆಗೆದುಕೊಂಡು ಏರಿಸುತ್ತಾರೆ. ಅವಸರ ಮಾಡಿದರೆ ಮೈಮೇಲೆ ದದ್ದು ಏಳುತ್ತದೆ, ಕೆಲವು ಮಕ್ಕಳಲ್ಲಿ ಅದು ಚರ್ಮ ಸುಲಿಯುವ, ಪ್ರಾಣಕ್ಕೇ ಕುತ್ತು ತರುವ ಸ್ಥಿತಿಗೆ ತಿರುಗುತ್ತದೆ. ಅದೇ ವಾಲ್ಪ್ರೋಯೇಟ್ ಜೊತೆ ಟೋಪಿರಮೇಟ್ ಎಂಬ ಮತ್ತೊಂದು ಫಿಟ್ಸ್ ಔಷಧ ಸೇರಿದರೆ ರಕ್ತದಲ್ಲಿ ಅಮೋನಿಯಾ ಏರಿ ಮಗು ಮಂಕಾಗಿ ವಾಂತಿ ಮಾಡಬಹುದು. ನ್ಯುಮೋನಿಯಾ ಎಂದು ಅಡ್ಮಿಟ್ ಮಾಡಿ ಮೆರೊಪೆನೆಮ್ ಎಂಬ ಆ್ಯಂಟಿಬಯೋಟಿಕ್ ಇಂಜೆಕ್ಷನ್ ಕೊಟ್ಟರೆ ವಾಲ್ಪ್ರೋಯೇಟ್ ಒಂದೇ ದಿನದಲ್ಲಿ ರಕ್ತದಲ್ಲಿ ಕುಸಿದುಬೀಳಬಹುದು. ನಿಂತಿದ್ದ ಫಿಟ್ಸ್ ಮತ್ತೆ ಶುರುವಾದಾಗ ಮನೆಯವರು “ಜ್ವರಕ್ಕೆ ಬಂತು” ಅಂದುಕೊಳ್ಳುತ್ತಾರೆ.

ಇದರ ಮೇಲೆ ಮಕ್ಕಳು ಬೆಳೆಯುತ್ತಾರೆ ಅನ್ನುವ ಸಂಗತಿ ಬೇರೆ. ದೊಡ್ಡವರ ಡೋಸ್ ವರ್ಷಗಟ್ಟಲೆ ಅಷ್ಟೇ ಇರಬಹುದು. ಮಕ್ಕಳದ್ದು ಕಿಲೋ ಲೆಕ್ಕ. 10 ಕಿಲೋ ಇದ್ದಾಗ ದಿನಕ್ಕೆ 200 ಮಿಲಿಗ್ರಾಂ ವಾಲ್ಪ್ರೋಯೇಟ್ ಬರೆದರೆ ಕಿಲೋಗೆ 20 ಮಿಲಿಗ್ರಾಂ ಆಯಿತು. ಮಗು 13 ಕಿಲೋ ಆದಾಗಲೂ ಅದೇ ಚೀಟಿ ಮುಂದುವರಿದರೆ ಅದು 15ಕ್ಕೆ ಇಳಿದಿರುತ್ತದೆ. ಯಾರೂ ಡೋಸ್ ಕಡಿಮೆ ಮಾಡಿಲ್ಲ, ಆದರೂ ಕಡಿಮೆಯಾಗಿದೆ! ಮಗು ಮೈತುಂಬಿಕೊಂಡಿತೆಂದು ಅಜ್ಜಿ ದೃಷ್ಟಿ ತೆಗೆಯುವ ಹೊತ್ತಿಗೇ ಫಿಟ್ಸ್ ಮರುಕಳಿಸುವುದಕ್ಕೆ ಇದೂ ಒಂದು ಕಾರಣ ಇರಬಹುದು.

ಇನ್ನು ಲಕ್ಷಣಗಳು. ಮಗು ತೂಕಡಿಸುತ್ತಿದೆ ಎಂದಿಟ್ಟುಕೊಳ್ಳಿ. ಕ್ಲೋಬಜಾಮ್‌ನಿಂದಲೂ ಇರಬಹುದು, ಶೀತಕ್ಕೆ ಕೊಟ್ಟ ಸಿರಪ್ಪಿನಿಂದಲೂ ಇರಬಹುದು, ರಾತ್ರಿ ಯಾರಿಗೂ ಗೊತ್ತಾಗದೆ ಬಂದುಹೋದ ಫಿಟ್ಸ್‌ನಿಂದಲೂ ಇರಬಹುದು. ಹಠ, ಸಿಡುಕು, ಸಿಕ್ಕಿದ್ದನ್ನು ಎತ್ತಿ ಬಿಸಾಡುವುದು? ಫಿಟ್ಸ್‌ಗೆ ಕೊಡುವ ಲೆವೆಟಿರಾಸೆಟಮ್ ಕೆಲವು ಮಕ್ಕಳಿಗೆ ಹೀಗೆ ಮಾಡುತ್ತದೆ, ಫೀನೋಬಾರ್ಬಿಟೋನ್ ಕೂಡ. ಏಳು ವರ್ಷದ ಹುಡುಗರು ಯಾವ ಔಷಧವೂ ಇಲ್ಲದೆ ಹೀಗೆ ಮಾಡುತ್ತಾರೆ ಎಂಬುದನ್ನೂ ಮರೆಯುವಂತಿಲ್ಲ. ಮೇ ತಿಂಗಳಲ್ಲಿ ರಾಯಚೂರಿನಂಥ ಊರಲ್ಲಿ ಮಗುವಿನ ಮೈ ಕಾದಿದ್ದರೆ ಮೊದಲು ಹೊಳೆಯುವುದು ಸೋಂಕಿನ ಜ್ವರ. ಟೋಪಿರಮೇಟ್ ಬೆವರು ಬರುವುದನ್ನೇ ಕಡಿಮೆ ಮಾಡಿ ಮೈ ಬಿಸಿ ಏರಿಸಬಲ್ಲದು ಎಂಬುದು ನೆನಪಾಗುವುದು ಆಮೇಲೆ. ಕೆಲವು ಬಗೆಯ ಫಿಟ್ಸ್‌ಗೆ ಕಾರ್ಬಮಜೆಪಿನ್ ಮದ್ದು, ಇನ್ನು ಕೆಲವು ಬಗೆಯದನ್ನು ಅದೇ ಹೆಚ್ಚಿಸುತ್ತದೆ. ಯಾವುದರಿಂದ ಯಾವುದಾಯಿತೆಂದು ಹೇಳಲು ರಕ್ತ ಪರೀಕ್ಷೆ ಸ್ವಲ್ಪ ನೆರವಾಗುತ್ತದೆ. ಬಹಳಷ್ಟು ಸಲ ಉಳಿಯುವ ಸಾಕ್ಷಿ ಒಂದೇ: ಯಾವುದು ಮೊದಲು ನಡೆಯಿತು, ಯಾವುದು ಆಮೇಲೆ.

ತೊಂದರೆ ಔಷಧದಿಂದಲೇ ಬಂದದ್ದೋ ಅಲ್ಲವೋ ಎಂದು ತೂಗಿನೋಡಲು ಜಗತ್ತಿನೆಲ್ಲೆಡೆ ಬಳಸುವ ನರಾಂಜೋ ಮಾಪಕದಲ್ಲಿ 10 ಪ್ರಶ್ನೆಗಳಿವೆ. 1981ರಿಂದ ಬಳಕೆಯಲ್ಲಿದೆ. ಔಷಧ ಕೊಟ್ಟ ಮೇಲೆ ತೊಂದರೆ ಬಂತೇ, ನಿಲ್ಲಿಸಿದಾಗ ಕಡಿಮೆಯಾಯಿತೇ, ಮತ್ತೆ ಕೊಟ್ಟಾಗ ಮರಳಿತೇ, ಡೋಸ್ ಏರಿಸಿದಾಗ ಜೋರಾಯಿತೇ ಎಂಬುವು ಅವುಗಳಲ್ಲಿ ನಾಲ್ಕು. ಈ ನಾಲ್ಕಕ್ಕೂ ಉತ್ತರ ಇರುವುದು ಮನೆಯಲ್ಲಿ, ಅದೂ ತಾರೀಖು ಬರೆದಿಟ್ಟಿದ್ದರೆ ಮಾತ್ರ. ಹೀಗಾಗಿ ಲಕ್ಷಣಗಳನ್ನು ಪುಟಗಟ್ಟಲೆ ಬಣ್ಣಿಸುವ ಡೈರಿಗಿಂತ, ಔಷಧ ಬದಲಾದ ದಿನಗಳನ್ನು ತಪ್ಪದೆ ಗುರುತು ಹಾಕಿದ ಒಂದು ಹಾಳೆ ಹೆಚ್ಚು ಬೆಲೆಬಾಳುತ್ತದೆ ಎಂದು ನನ್ನ ಎಣಿಕೆ. ನಮ್ಮಲ್ಲಿ ಬರೆದಿಡುವ ತಂದೆತಾಯಿಗಳೂ ಸಾಮಾನ್ಯವಾಗಿ ಬರೆಯುವುದು ಫಿಟ್ಸ್ ಬಂದದ್ದನ್ನು. ಹೊಸ ಬಾಟಲಿಯ ಸೀಲು ಒಡೆದದ್ದನ್ನು ಯಾರು ಬರೆಯುತ್ತಾರೆ?

ಅಕ್ಕ ಬರೆಯಲು ಶುರುಮಾಡಿದ್ದು ಆ “ಜಾಸ್ತಿ” ಆದ ಮಾರನೇ ದಿನ. ಅದಕ್ಕೆಂದು ಪುಸ್ತಕ ತರಲಿಲ್ಲ. ಅಡುಗೆಮನೆಯ ಗೋಡೆಗೆ ತೂಗುಹಾಕಿದ್ದ ಬೆಂಗಳೂರು ಪ್ರೆಸ್ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ ಹೇಗೂ ಬರೆಯುತ್ತಿದ್ದಳು. ಗ್ಯಾಸ್ ಸಿಲಿಂಡರ್ ಬಂದ ದಿನವೂ ಅಲ್ಲೇ, ಚೀಟಿ ದುಡ್ಡು ಕಟ್ಟಿದ್ದೂ ಅಲ್ಲೇ. “ಹಾ 1½” ಎಂದಿರುವ ಚೌಕದ ಮೂಲೆಯಲ್ಲಿ ಫಿಟ್ಸ್ ಬಂದರೆ ಕೆಂಪು ಚುಕ್ಕೆ. ಔಷಧ ಬದಲಾದರೆ, ಡೋಸ್ ಏರಿದರೆ ಇಳಿದರೆ, ಹೊಸ ಬಾಟಲಿ ಒಡೆದರೆ, ಬೇರೆ ಕಂಪನಿಯದು ಬಂದರೆ ನೀಲಿ ತ್ರಿಕೋನ. ನಿದ್ದೆಗೆಟ್ಟ ರಾತ್ರಿಗೆ ಒಂದು “ನಿ”. ಇಷ್ಟೇ.

ಇದರಿಂದ ಮೊದಲು ಬಯಲಾದದ್ದು ಔಷಧದ ವಿಚಾರವೇ ಅಲ್ಲ. ಭಾವನ ತಾಯಿಗೆ ಮೊದಲಿಂದಲೂ ಒಂದು ನಂಬಿಕೆ: ಅಮಾವಾಸ್ಯೆ ಹುಣ್ಣಿಮೆಗೆ ಹುಡುಗನಿಗೆ ಜೋರಾಗುತ್ತದೆ. ಅವರೊಬ್ಬರದೇ ನಂಬಿಕೆಯಲ್ಲ ಅದು, ಅರ್ಧ ಊರಿನದು. ಪಂಚಾಂಗದ ಕ್ಯಾಲೆಂಡರಿನಲ್ಲಿ ಅಮಾವಾಸ್ಯೆ ಅಚ್ಚಾಗಿಯೇ ಇರುತ್ತದಲ್ಲ, ಅತ್ತೆ ಸೊಸೆ ಇಬ್ಬರೂ ಕೂತು ನಾಲ್ಕು ತಿಂಗಳ ಹಾಳೆ ತಿರುವಿದರು. ಕೆಂಪು ಚುಕ್ಕೆಗಳು ಅಮಾವಾಸ್ಯೆಯ ಹತ್ತಿರ ಗುಂಪುಗೂಡಿರಲಿಲ್ಲ. ಗುಂಪುಗೂಡಿದ್ದು “ನಿ” ಇದ್ದ ಚೌಕಗಳ ಮಾರನೇ ದಿನ: ಮದುವೆಗೆ ಹೋಗಿಬಂದ ರಾತ್ರಿ, ಜಾತ್ರೆಯ ರಾತ್ರಿ, ಕರೆಂಟು ಹೋಗಿ ಸೊಳ್ಳೆ ಕಾಟದಲ್ಲಿ ಕಳೆದ ರಾತ್ರಿ. ನಿದ್ದೆಗೆಟ್ಟರೆ ಫಿಟ್ಸ್ ಹೆಚ್ಚುವುದು ಎಲ್ಲ ವೈದ್ಯರೂ ಬಲ್ಲ ಸಂಗತಿ. ನಮ್ಮ ಮನೆಯಲ್ಲಿ ಅದನ್ನು ಒಪ್ಪಿಸಿದ್ದು ಮಾತ್ರ ಹಾಲಿನ ಲೆಕ್ಕದ ಹಾಳೆ. ಅತ್ತೆ ಪೂರ್ತಿ ಒಪ್ಪಿದರೆಂದಲ್ಲ. “ಜಾತ್ರೆ ಹುಣ್ಣಿಮೆಗೇ ಅಲ್ವೇನೆ ಆಗಿದ್ದು?” ಎಂದು ಕೇಳಿಯೇ ಎದ್ದುಹೋದರು.

ನೆನಪನ್ನು ನೆಚ್ಚಿಕೊಂಡರೆ ಏನಾಗುತ್ತದೆ ಎಂಬುದಕ್ಕೆ ಒಂದು ಗಟ್ಟಿ ಪುರಾವೆಯಿದೆ. ಜರ್ಮನಿಯ ಬಾನ್ ನಗರದ ವೈದ್ಯರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆಸ್ಪತ್ರೆಯಲ್ಲಿ ವಿಡಿಯೋ ಮತ್ತು ಇಇಜಿ (ಮೆದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುವ ಯಂತ್ರ) ನಿಗಾದಲ್ಲಿದ್ದ 91 ಮಂದಿ ರೋಗಿಗಳಿಗೆ ತಮಗೆ ಬಂದ ಫಿಟ್ಸ್ ತಾವೇ ಬರೆದಿಡಲು ಹೇಳಿದ್ದರು. ಯಂತ್ರ ಹಿಡಿದದ್ದರಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಅವರು ಬರೆದೇ ಇರಲಿಲ್ಲ. ನಿದ್ದೆಯಲ್ಲಿ ಬಂದವುಗಳಲ್ಲಂತೂ ಬಹುಪಾಲು ಬಿಟ್ಟುಹೋಗಿದ್ದವು. ಅವರು ದೊಡ್ಡವರು, ತಮ್ಮ ಮೈಯದನ್ನೇ ಬರೆದವರು. ಮಗುವಿಗೆ ಹಾಗೆ ಬರೆಯಲು ಬರುವುದಿಲ್ಲ. ತಾಯಿ ನೋಡಬೇಕು, ತಾಯಿಯೂ ರಾತ್ರಿ ಮಲಗಬೇಕು. ಹಾಗಾಗಿ ಕ್ಯಾಲೆಂಡರಿನ ಚುಕ್ಕೆಗಳು ಪೂರ್ತಿ ನಿಜ ಹೇಳುತ್ತವೆಂದು ಬೀಗುವಂತಿಲ್ಲ. ಬೆಳಗ್ಗೆ ದಿಂಬು ಜೊಲ್ಲಿನಿಂದ ಒದ್ದೆಯಾಗಿತ್ತು, ನಾಲಿಗೆ ಕಚ್ಚಿಕೊಂಡಿದ್ದ, ಎಂದೂ ಇಲ್ಲದ್ದು ಹಾಸಿಗೆಯಲ್ಲಿ ಉಚ್ಚೆ ಹೊಯ್ದುಕೊಂಡಿದ್ದ ಎಂಬಂಥವನ್ನು ಅನುಮಾನದ ಗುರುತಾಗಿ ಬೇರೆ ಬಣ್ಣದಲ್ಲಿ ಹಾಕಿದರೆ ಡಾಕ್ಟರಿಗೆ ಎರಡರ ವ್ಯತ್ಯಾಸ ತಿಳಿಯುತ್ತದೆ. ಶಾಲೆಯ ಮೇಷ್ಟ್ರನ್ನೂ ಕೇಳಬೇಕು. ಪಾಠದ ನಡುವೆ ಹತ್ತು ಸೆಕೆಂಡು ಶೂನ್ಯ ದೃಷ್ಟಿಯಲ್ಲಿ ಕೂತು ಮತ್ತೆ ಏನೂ ಆಗದಂತೆ ಬರೆಯತೊಡಗುವ ಹುಡುಗನನ್ನು ಮೊದಲು ಕಾಣುವವರು ಅವರೇ, “ಗಮನ ಇಲ್ಲ” ಎಂದು ಬೈಯುವವರೂ ಅವರೇ.

ನೀಲಿ ತ್ರಿಕೋನದ ಬೆಲೆ ಗೊತ್ತಾದದ್ದು ಆ ವರ್ಷದ ನವೆಂಬರಿನಲ್ಲಿ. ಹುಡುಗನಿಗೆ ಕೆಮ್ಮು, ಕಫ. ಊರಿನ ಡಾಕ್ಟರು ಕ್ಲಾರಿಥ್ರೊಮೈಸಿನ್ ಎಂಬ ಆ್ಯಂಟಿಬಯೋಟಿಕ್ ಸಿರಪ್ಪು ಬರೆದರು. ಅಕ್ಕ ಅವರಿಗೆ “ಫಿಟ್ಸ್ ಮಾತ್ರೆ ತಗೊಳ್ತಿದಾನೆ ಸರ್” ಅಂದಿದ್ದಳು, ಮಾತ್ರೆಯ ಹೆಸರು ಹೇಳಿರಲಿಲ್ಲ, ಅವರೂ ಕೇಳಲಿಲ್ಲ. ಮೂರನೇ ದಿನ ಬೆಳಗ್ಗೆ ಹುಡುಗ ಹಾಸಿಗೆಯಿಂದ ಎದ್ದವನು ಗೋಡೆ ಹಿಡಿದುಕೊಂಡು ನಡೆದ. ಕಾಲು ಒಂದು ಕಡೆ, ಮೈ ಒಂದು ಕಡೆ. ಬಚ್ಚಲ ಹತ್ತಿರ ನಿಂತು, “ಅಮ್ಮಾ, ಎರಡು ಬಕೆಟ್ ಯಾಕಿದೆ?” ಎಂದ. ಇದ್ದದ್ದು ಒಂದೇ. ಆಮೇಲೆ ವಾಂತಿ. ಹತ್ತಿರದ ಆಸ್ಪತ್ರೆಯೊಂದರಲ್ಲಿ ನೋಡಿದವರು ಫಿಟ್ಸ್ ಹೆಚ್ಚಾಗಿದೆ, ಮಾತ್ರೆ ಏರಿಸೋಣ ಎಂದರು.

ಭಾವ ಕ್ಯಾಲೆಂಡರಿನ ಆ ಹಾಳೆಯ ಫೋಟೋ ತೆಗೆದು ಬೆಂಗಳೂರಿನ ಡಾಕ್ಟರಿಗೆ ಕಳಿಸಿದರು. 11ನೇ ತಾರೀಖಿನ ಚೌಕದಲ್ಲಿ ನೀಲಿ ತ್ರಿಕೋನ, ಪಕ್ಕದಲ್ಲಿ “ಕೆಮ್ಮಿನ ಔಷಧ”. 13ರಲ್ಲಿ “ಓಲಾಡ್ತಿದಾನೆ”. ನಡುವೆ ಕೆಂಪು ಚುಕ್ಕೆ ಒಂದೂ ಇಲ್ಲ. ಅವರು ಕೇಳಿದ್ದು ಒಂದೇ ಪ್ರಶ್ನೆ, ಕೆಮ್ಮಿನ ಔಷಧದ ಹೆಸರೇನು. ಕ್ಲಾರಿಥ್ರೊಮೈಸಿನ್ ಮತ್ತು ಅದರ ಬಳಗದ ಎರಿಥ್ರೊಮೈಸಿನ್, ಕಾರ್ಬಮಜೆಪಿನನ್ನು ಕರಗಿಸುವ ಲಿವರಿನ ಕಿಣ್ವವನ್ನು ತಡೆಹಿಡಿಯುತ್ತವೆ. ದಿನವೂ ಅಷ್ಟೇ ಮಾತ್ರೆ ನುಂಗಿದರೂ ರಕ್ತದಲ್ಲಿ ಅದು ಏರುತ್ತಾ ಹೋಗುತ್ತದೆ. ತಲೆಸುತ್ತು, ವಾಂತಿ, ಓಲಾಟ, ಎರಡೆರಡು ಕಾಣುವುದು ಇವೆಲ್ಲ ಕಾರ್ಬಮಜೆಪಿನ್ ಹೆಚ್ಚಾದುದರ ಕುರುಹುಗಳು. ರಕ್ತ ಪರೀಕ್ಷೆಯಲ್ಲೂ ಅದೇ ಕಂಡಿತು. ಅವರು ಹೇಳಿದಂತೆ ಆ್ಯಂಟಿಬಯೋಟಿಕ್ ಬದಲಾಯಿತು, ಕೆಲವು ದಿನಗಳಲ್ಲಿ ಹುಡುಗ ನೆಟ್ಟಗೆ ನಡೆದ. ಅಂದು ಮಾತ್ರೆ ಏರಿಸಿದ್ದರೆ ಏನಾಗುತ್ತಿತ್ತೆಂದು ಅಕ್ಕ ಈಗಲೂ ಒಮ್ಮೊಮ್ಮೆ ಕೇಳುತ್ತಾಳೆ. ನಾನು ಮಾತು ಬದಲಿಸುತ್ತೇನೆ.

ಔಷಧ ತಂದ ತೊಂದರೆಯನ್ನು ಹೊಸ ಕಾಯಿಲೆ ಎಂದು ತಿಳಿದು ಅದಕ್ಕೆ ಮತ್ತೊಂದು ಔಷಧ ಬರೆಯುವುದನ್ನು 1990ರ ದಶಕದಲ್ಲಿ ಕೆನಡಾದ ಪೌಲಾ ರೋಚನ್ ಮತ್ತು ಅಮೆರಿಕದ ಜೆರ್ರಿ ಗುರ್ವಿಟ್ಜ್ ಎಂಬ ವೈದ್ಯರು ಚೀಟಿಯ ಸರಪಳಿ ಎಂಬರ್ಥದ ಹೆಸರಿಟ್ಟು ವಿವರಿಸಿದರು. ಅವರ ಕಣ್ಣಿದ್ದದ್ದು ವಯಸ್ಸಾದವರ ಮೇಲೆ. ಮಕ್ಕಳಲ್ಲೂ ಇದು ನಡೆಯುತ್ತದೆ. ಕ್ಲೋಬಜಾಮ್‌ನಿಂದ ಜೊಲ್ಲು ಸುರಿಯುತ್ತದೆ. ಜೊಲ್ಲಿಗೆಂದು ಗ್ಲೈಕೋಪೈರೋಲೇಟ್. ಅದರಿಂದ ಮಲ ಕಟ್ಟುತ್ತದೆ. ಮಲ ಸಡಿಲಾಗಲು ಒಂದು ಸಿರಪ್ಪು. ಕಪಾಟಿನಲ್ಲಿ ಈಗ ಮೂರು ಔಷಧ, ಬರೆದವರು ಮೂವರು ಬೇರೆಬೇರೆ ಡಾಕ್ಟರು, ಮೂವರಲ್ಲಿ ಯಾರೂ ತಪ್ಪು ಮಾಡಿಲ್ಲ. ಮೂರೂ ಚೀಟಿಗಳನ್ನು ತಾರೀಖಿನ ಪ್ರಕಾರ ಒಂದರ ಕೆಳಗೊಂದು ಇಟ್ಟು ನೋಡುವ ವ್ಯಕ್ತಿ ಮಾತ್ರ ಯಾರೂ ಇಲ್ಲ.

ಆ ವ್ಯಕ್ತಿ ಇರಬೇಕಾದದ್ದು ಆಸ್ಪತ್ರೆಯಲ್ಲಿ. ಔಷಧಗಳ ಹೊಂದಾಣಿಕೆ ನೋಡಲೆಂದೇ ತರಬೇತಾದ ಕ್ಲಿನಿಕಲ್ ಫಾರ್ಮಸಿಸ್ಟರು ನಮ್ಮಲ್ಲೂ ಇದ್ದಾರೆ. 2008ರಿಂದ ದೇಶದಲ್ಲಿ ಇಂಥವರನ್ನು ತಯಾರು ಮಾಡುವ ಫಾರ್ಮ್ ಡಿ ಕೋರ್ಸ್ ನಡೆಯುತ್ತಿದೆ, ಮೈಸೂರಿನ ಜೆಎಸ್ಎಸ್ ಫಾರ್ಮಸಿ ಕಾಲೇಜು ಅದಕ್ಕಿಂತ ಮುಂಚಿನಿಂದಲೂ ಈ ವಿದ್ಯೆಗೆ ಹೆಸರಾಗಿದೆ. ಆದರೆ ನಾವು ಹೋಗುವ ಒಪಿಡಿಗಳಲ್ಲಿ ಅವರು ಕಾಣುವುದಿಲ್ಲ. ಕಾಣುವುದು ಮೆಡಿಕಲ್ ಶಾಪಿನ ಹುಡುಗ, “ಆ ಕಂಪನಿದು ಇಲ್ಲ ಅಕ್ಕಾ, ಇದೂ ಅದೇ” ಎನ್ನುವವನು. ಫಾರ್ಮಸಿಸ್ಟ್ ಮಾಡಬೇಕಾದ ಕೆಲಸ ಹೀಗೆ ಸದ್ದಿಲ್ಲದೆ ಮನೆಯ ಹೆಣ್ಣುಮಗಳ ಹೆಗಲಿಗೆ ಬಂದಿದೆ, ಸಂಬಳವಿಲ್ಲದೆ, ತರಬೇತಿಯಿಲ್ಲದೆ. ತಪ್ಪಾದರೆ ಬೈಗುಳವೂ ಅವಳಿಗೇ. “ಡೈರಿ ಇಡಿ” ಎಂದು ಹಗುರವಾಗಿ ಹೇಳುವವರ ಮೇಲೆ ನನಗೆ ಸ್ವಲ್ಪ ಸಿಟ್ಟಿದೆ.

ಅದಕ್ಕೇ ಹೇಳುವುದು, ಬರೆಯುವುದು ಕಡಿಮೆ ಇರಲಿ, ಸರಿಯಾಗಿರಲಿ. ಔಷಧದ ಹೆಸರೆಂದರೆ ಡಬ್ಬಿಯ ಮೇಲಿನ ದೊಡ್ಡಕ್ಷರದ ಬ್ರಾಂಡ್ ಹೆಸರಿಗಿಂತ ಅದರ ಕೆಳಗೆ ಸಣ್ಣದಾಗಿ ಇರುವ ಹೆಸರು. ಸಿರಪ್ಪಾದರೆ ಎಷ್ಟು ಎಂಎಲ್ ಎಂಬುದರ ಜೊತೆ ಅದರ ಗಾಢತೆಯೂ ಬೇಕು. ಪ್ಯಾರಸಿಟಮಾಲ್ ಡ್ರಾಪ್ಸ್‌ನಲ್ಲಿ ಸಾಮಾನ್ಯವಾಗಿ 1 ಎಂಎಲ್‌ಗೆ 100 ಮಿಲಿಗ್ರಾಂ, ಸಿರಪ್ಪಿನಲ್ಲಿ 5 ಎಂಎಲ್‌ಗೆ 250 ಇರಬಹುದು, 125 ಇರಬಹುದು. “5 ಎಂಎಲ್ ಕೊಟ್ಟೆ” ಎಂದರೆ ಏನು ಕೊಟ್ಟಂತಾಯಿತು? ಅಳತೆಗೆ ಅಡುಗೆಮನೆಯ ಚಮಚ ಬೇಡ, ಸೂಜಿಯಿಲ್ಲದ ಸಿರಿಂಜ್ ಸಾಕು. ಇನ್ನು ಫೆನಿಟಾಯಿನ್‌ನಂಥ ಗಸಿ ತಳಕ್ಕಿಳಿಯುವ ಔಷಧವನ್ನು ಪ್ರತಿ ಸಲ ಚೆನ್ನಾಗಿ ಕುಲುಕದಿದ್ದರೆ ಬಾಟಲಿಯ ಮೊದಲ ಅರ್ಧ ನೀರಾಗಿ ಹೋಗುತ್ತದೆ, ಕೊನೆಯ ಅರ್ಧ ಗಟ್ಟಿಯಾಗಿ. ಬಾಟಲಿ ಹೊಸದಿದ್ದಾಗ ಫಿಟ್ಸ್, ಮುಗಿಯುವ ಹೊತ್ತಿಗೆ ಓಲಾಟ. ಬಾಟಲಿ ಒಡೆದ ದಿನ ಗುರುತು ಹಾಕಿದವರಿಗಷ್ಟೇ ಈ ಜಾಡು ಕಾಣುತ್ತದೆ. ಫಿಟ್ಸ್ ಹೇಗಿತ್ತೆಂದು ಬರೆಯಲು ತಿಣುಕುವುದಕ್ಕಿಂತ ಫೋನಿನಲ್ಲಿ ಅರ್ಧ ನಿಮಿಷದ ವಿಡಿಯೋ ಮೇಲು. ಮಗುವನ್ನು ಪಕ್ಕಕ್ಕೆ ಹೊರಳಿಸಿದ ಮೇಲೆ, ಇನ್ನೊಬ್ಬರ ಕೈಯಲ್ಲಿ. ತೂಕ ತಿಂಗಳಿಗೊಮ್ಮೆ, ಅಂಗನವಾಡಿಯ ತಕ್ಕಡಿಯಾದರೂ ಆದೀತು.

ಬರೆದುಕೊಂಡು ಕೂರದೆ ಓಡಬೇಕಾದ ಹೊತ್ತುಗಳೂ ಇವೆ. ಫಿಟ್ಸ್ ಐದು ನಿಮಿಷ ದಾಟಿದರೆ, ಹೊಸ ಔಷಧ ಶುರುವಾದ ಮೊದಲ ಎಂಟು ವಾರಗಳಲ್ಲಿ ಜ್ವರದ ಜೊತೆ ದದ್ದು ಅಥವಾ ಬಾಯಲ್ಲಿ ಹುಣ್ಣು ಕಂಡರೆ, ಕಣ್ಣು ಹಳದಿಯಾದರೆ, ವಾಂತಿಯ ಜೊತೆ ಎಬ್ಬಿಸಲಾಗದ ಮಂಪರು ಬಂದರೆ ಕಾಯುವಂತಿಲ್ಲ. ಅನುಮಾನ ಬಂತೆಂದು ಫಿಟ್ಸ್ ಔಷಧವನ್ನು ತಾವಾಗಿಯೇ ಥಟ್ಟನೆ ನಿಲ್ಲಿಸುವುದೂ ಅಪಾಯ. ಒಂದರ ಹಿಂದೊಂದು ನಿಲ್ಲದ ಫಿಟ್ಸ್‌ಗೆ ಅದು ದಾರಿ.

ಇದರ ಇನ್ನೊಂದು ಮಗ್ಗುಲು, ನೋಡುತ್ತಾ ಕೂತವರಿಗೆ ಎಲ್ಲವೂ ಕಾಣತೊಡಗುತ್ತದೆ. ಔಷಧದ ಡಬ್ಬಿಯೊಳಗಿನ ಹಾಳೆ ಓದಿದ ವಾರ ಅಕ್ಕ ಬರೆದ ಟಿಪ್ಪಣಿಗಳು ಹಿಂದಿನ ತಿಂಗಳ ಒಟ್ಟಿಗಿಂತ ಹೆಚ್ಚು. ಕೂದಲು ಉದುರಿದ್ದು, ಒಂದು ಇಡ್ಲಿ ಕಮ್ಮಿ ತಿಂದದ್ದು, ತಂಗಿಯನ್ನು ಗಿಲ್ಲಿದ್ದು. ಬರೀ ಸಕ್ಕರೆ ಗುಳಿಗೆ ಕೊಟ್ಟವರೂ ಪ್ರಯೋಗಗಳಲ್ಲಿ ಅಡ್ಡಪರಿಣಾಮ ಹೇಳಿಕೊಳ್ಳುತ್ತಾರೆ, ನಿರೀಕ್ಷೆಗೇ ಅಷ್ಟು ಬಲ. ಗಂಟೆಗೊಮ್ಮೆ ಕೇಳುವ ಆ್ಯಪ್‌ಗಳನ್ನು ಅಕ್ಕನಿಗೆ ಹಾಕಿಕೊಟ್ಟು ನಾನೇ ತೆಗೆಸಿದೆ. ಹುಡುಗ ಅಮ್ಮನ ಮುಖಕ್ಕಿಂತ ಅವಳ ಫೋನಿನ ಬೆನ್ನನ್ನೇ ಹೆಚ್ಚು ನೋಡುತ್ತಿದ್ದ. ಹೊಸ ಔಷಧ ಶುರುವಾಗುವ ಮೊದಲು ಒಂದೆರಡು ವಾರ ಅವನು ಹೇಗಿದ್ದ, ಎಷ್ಟು ನಿದ್ದೆ, ಎಷ್ಟು ಊಟ, ಎಷ್ಟು ಹಠ ಎಂದು ಬರೆದಿಟ್ಟರೆ ಆಮೇಲೆ ಹೋಲಿಸಲು ಒಂದು ನೆಲೆ ಸಿಗುತ್ತದೆ. ಔಷಧ ಬದಲಾಗದ ತಿಂಗಳಲ್ಲಿ ಚುಕ್ಕೆ ಬಿಟ್ಟರೆ ಬೇರೇನೂ ಬರೆಯದಿದ್ದರೂ ಮೋಸವಿಲ್ಲ.

ಮನೆಯ ಈ ಲೆಕ್ಕ ಡಾಕ್ಟರ ಮೇಜಿನಿಂದಾಚೆಗೂ ಹೋಗಬಹುದು ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ. ಔಷಧಗಳ ಅಡ್ಡಪರಿಣಾಮಗಳನ್ನು ಕಲೆಹಾಕುವ ರಾಷ್ಟ್ರೀಯ ಕಾರ್ಯಕ್ರಮ 2010ರಲ್ಲಿ ಶುರುವಾಯಿತು. ಮಾರನೇ ವರ್ಷದಿಂದ ಅದರ ಕೇಂದ್ರ ಗಾಜಿಯಾಬಾದಿನ ಭಾರತೀಯ ಫಾರ್ಮಕೋಪಿಯಾ ಆಯೋಗ. ವೈದ್ಯರಷ್ಟೇ ಅಲ್ಲ, ತಂದೆತಾಯಿಗಳೂ ನೇರವಾಗಿ ವರದಿ ಕೊಡಬಹುದು, 1800-180-3024 ಎಂಬ ಉಚಿತ ಸಂಖ್ಯೆಗೆ ಫೋನ್ ಮಾಡಿಯೂ ಹೇಳಬಹುದು. ಔಷಧವೇ ಕಾರಣ ಎಂದು ನಾವು ಸಾಬೀತು ಮಾಡಬೇಕಿಲ್ಲ, ಅನುಮಾನ ಸಾಕು. ಮಕ್ಕಳ ಮೇಲೆ ಔಷಧ ಪ್ರಯೋಗಗಳು ನಡೆಯುವುದೇ ಕಡಿಮೆಯಾದ್ದರಿಂದ, ಐದಾರು ಔಷಧ ಒಟ್ಟಿಗೆ ನುಂಗುವ ಮಗುವಿನ ಮೈಯಲ್ಲಿ ಏನಾಗುತ್ತದೆ ಎಂಬ ಅರಿವಿನ ದೊಡ್ಡ ಪಾಲು ಇಂಥ ವರದಿಗಳಿಂದಲೇ ಬರಬೇಕು. ಗ್ರಾಹಕರ ಫಾರಂ ಕನ್ನಡದಲ್ಲೂ ಇದೆ. ಆ ನವೆಂಬರಿನ ಸಂಗತಿಯನ್ನು ತುಂಬಲು ನಾವು ಕೂತಾಗ ಅದು ಕೇಳಿದ್ದು ಔಷಧ ಶುರುವಾದ ದಿನ, ನಿಲ್ಲಿಸಿದ ದಿನ, ತೊಂದರೆ ಕಾಣಿಸಿದ ದಿನ. ಅಕ್ಕ ಎದ್ದುಹೋಗಿ ಮೊಳೆಯಿಂದ ಕ್ಯಾಲೆಂಡರ್ ಬಿಚ್ಚಿಕೊಂಡು ಬಂದಳು. 13ನೇ ತಾರೀಖಿನ ಚೌಕದಲ್ಲಿ “ಓಲಾಡ್ತಿದಾನೆ” ಎಂಬುದರ ಮೇಲೆ ಹಾಲಿನ ಲೆಕ್ಕ ಎಂದಿನಂತೆ ಇತ್ತು, “ಹಾ 1½”.